ಒಂಟಿ ಕುದುರೆಯ ನೂರೈವತ್ತು ವರ್ಷದ ಓಟ

ಟಿವಿಗೆ ವೈರು ಸಿಕ್ಕಿಸಿ ಕ್ಯಾಸೆಟ್ ಗೇಮ್ ಆಡುತ್ತಿದ್ದ ಕಾಲದಲ್ಲಿ, ಗದಗ-ಬೆಟಗೇರಿಯಿರಲಿ ಕಳಸಾಪುರವಿರಲಿ, ಮಾರಿಯೊ ಆಟ ಎಷ್ಟು ಹೊತ್ತು ನಡೆಯಬೇಕೆಂದು ತೀರ್ಮಾನಿಸುತ್ತಿದ್ದುದು ಕರೆಂಟು. 1985ರ ಆ ಆಟದಲ್ಲಿ ಎಂಟು ಲೋಕ, 32 ಹಂತ. ಅರ್ಧಕ್ಕೆ ಬಿಟ್ಟು ನಾಳೆ ಮುಂದುವರಿಸುವ ಸೌಕರ್ಯವಿಲ್ಲ. ಲೈನ್ ಹೋದರೆ ಮತ್ತೆ ಒಂದರಿಂದ ಶುರು. 1987ರ ಹೊತ್ತಿಗೆ ‘ಜೆಲ್ಡಾ’ ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿಯೊಂದು ಬಂದು ಕೂತಿತು, ಆಡಿದಷ್ಟನ್ನು ಉಳಿಸಿಡತೊಡಗಿತು. ಒಬ್ಬನೇ ಕೂತು ಆಡುವ ಆಟಗಳು ಬೆಳೆಯತೊಡಗಿದ್ದು ಹೀಗೆ ಉಳಿಸಿಡಲು ಬಂದ ಮೇಲೆ.

ಈಗ ‘ಪರ್ಸೋನಾ 5’ರ ಕಥೆ ಮುಗಿಸಲು ನೂರು ಗಂಟೆಯ ಆಸುಪಾಸು ಬೇಕು. 2020ರ ‘ದ ಲಾಂಗಿಂಗ್’ನಲ್ಲಿ ಗಡಿಯಾರ 400 ದಿನ ಓಡುತ್ತದೆ, ನೀವು ಆಡಿದರೂ ಬಿಟ್ಟರೂ. ‘ಡೆಸರ್ಟ್ ಬಸ್’ ಎಂಬ ಕುಚೋದ್ಯದ ಆಟದಲ್ಲಿ ಖಾಲಿ ರಸ್ತೆಯಲ್ಲಿ ಎಂಟು ಗಂಟೆ ಬಸ್ ಓಡಿಸಿದರೆ ಸಿಗುವುದು ಒಂದೇ ಅಂಕ. 2016ರ ‘ನೋ ಮ್ಯಾನ್ಸ್ ಸ್ಕೈ’ನಲ್ಲಿ ಎರಡರ 64ನೇ ಘಾತದಷ್ಟು ಗ್ರಹಗಳು; ಒಂದೊಂದನ್ನು ಒಂದೇ ಸೆಕೆಂಡು ನೋಡಿದರೂ 58 ಸಾವಿರ ಕೋಟಿ ವರ್ಷ ಮಿಕ್ಕುತ್ತದೆ. ಚದುರಂಗದ ಮನೆಮನೆಗೂ ಕಾಳು ಇಮ್ಮಡಿಸಿ ಕೇಳಿದ ಜಾಣನ ಕಥೆಯ ಲೆಕ್ಕಕ್ಕಿಂತ ಇದು ಒಂದೇ ಒಂದು ಹೆಚ್ಚು. ಇವುಗಳಲ್ಲಿ ಯಾವುದು ಉದ್ದ ಎಂದು ಹೇಳಬೇಕಾದರೆ, ಮುಗಿಸುವುದೆಂದರೆ ಏನೆಂಬುದು ಮೊದಲು ಗೊತ್ತಾಗಬೇಕು.

ಈ ತಕರಾರಿಗೆ ನಮ್ಮಲ್ಲಿ ಹಳೆಯ ಸಾಕ್ಷಿಯಿದೆ. ನಮ್ಮ ಕಟ್ಟೆಯ ಆಟಗಳಾದ ಹುಲಿ-ಕುರಿ, ಪಗಡೆಗಳಿಗೆ ಎದುರಾಳಿ ಬೇಕು. ಒಬ್ಬನೇ ಆಡುವ ಆಟಕ್ಕೆ ಮೈಸೂರಿಗೇ ಹೋಗಬೇಕು, ಮುಮ್ಮಡಿ ಕೃಷ್ಣರಾಜ ಒಡೆಯರ ಬಳಿಗೆ. 1799ರಲ್ಲಿ ಐದು ವರ್ಷದ ಹುಡುಗನಾಗಿ ಪಟ್ಟಕ್ಕೆ ಬಂದವರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಸಿಂಹಾಸನವಿತ್ತು, ಅಧಿಕಾರವಿರಲಿಲ್ಲ. ವಿದ್ವಾಂಸರನ್ನು ಕೂಡಿಸಿಕೊಂಡು ‘ಶ್ರೀತತ್ತ್ವನಿಧಿ’ ಎಂಬ ಗ್ರಂಥ ಮಾಡಿಸಿದರು. ಅದರ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಇಡಿಯಾಗಿ ಆಟಗಳದ್ದು. ಗಂಜೀಫಾ ಎಲೆಗಳನ್ನು ಹಿಗ್ಗಿಸಿ ಹೊಸ ಹೊಸ ಕಟ್ಟುಗಳನ್ನು ಮಾಡಿಸಿದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳು ಚಿತ್ರವಾಗಿವೆ.

ಆದರೆ ಅವರನ್ನು ಹಿಡಿದು ಕೂರಿಸಿದ್ದು ಕುದುರೆ. ಚದುರಂಗದ ಹಾಸಿನ ಮೇಲೆ ಬೇರಾವ ಕಾಯಿಯೂ ಬೇಡ. ಕುದುರೆ ತನ್ನ ವಕ್ರ ನೆಗೆತದಲ್ಲೇ 64 ಮನೆಗಳನ್ನೂ ತುಳಿಯಬೇಕು, ಒಂದನ್ನೂ ಎರಡು ಸಲ ಮುಟ್ಟಬಾರದು. ಕೂತು ನೋಡಿ, ನಲವತ್ತು ಮನೆಯವರೆಗೆ ಸಲೀಸು, ಆಮೇಲೆ ಸಿಕ್ಕಿಬೀಳುತ್ತೀರಿ. ತಪ್ಪು ಸಾಮಾನ್ಯವಾಗಿ ಮೂಲೆಯದು: ಮೂಲೆಮನೆಗೆ ಹೋಗಿಬರಲು ಇರುವುದು ಎರಡೇ ದಾರಿ, ಕಡೆಗೆ ನೋಡಿಕೊಳ್ಳೋಣ ಎಂದರೆ ಅಷ್ಟರಲ್ಲಿ ಅವೂ ಮುಚ್ಚಿರುತ್ತವೆ. ಮುಂದೆ ದಾರಿ ಕಡಿಮೆಯಿರುವ ಮನೆಗೇ ಮೊದಲು ಹಾರು ಎಂಬ ಸೂತ್ರವನ್ನು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಕೊಟ್ಟ. ಅವನಿಗೂ ಮೊದಲು, 1759ರಲ್ಲಿ, ಗಣಿತಜ್ಞ ಆಯ್ಲರ್ ಇದನ್ನು ಗಣಿತಕ್ಕೆ ತಂದಿದ್ದ. ಅದಕ್ಕಿಂತ ಎಷ್ಟೋ ಹಿಂದೆ, ಒಂಬತ್ತನೇ ಶತಮಾನದಲ್ಲೇ, ಕಾಶ್ಮೀರದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ಅರ್ಧ ಹಾಸಿನ ಮೇಲೆ ಕುದುರೆ ಓಡಿದಂತೆ ಓದಿಕೊಳ್ಳುವ ಶ್ಲೋಕ ಕಟ್ಟಿದ್ದ. ಆಟವನ್ನು ಉಳಿಸಿಡಲು ಬ್ಯಾಟರಿಯೇ ಬೇಕೆಂದೇನಿಲ್ಲ!

64 ಮನೆ ತುಳಿದಷ್ಟಕ್ಕೇ ಸಮಾಧಾನ ಪಡುವವರು ಮುಮ್ಮಡಿಯವರಲ್ಲ. ಕುದುರೆ ತುಳಿದ ಮನೆಗಳಿಗೆ ಒಂದು, ಎರಡು, ಮೂರು ಎಂದು 64ರವರೆಗೆ ಅಂಕಿ ಹಾಕುತ್ತ ಹೋದರೆ, ಯಾವ ಅಡ್ಡಸಾಲು ಕೂಡಿಸಿದರೂ ಯಾವ ಉದ್ದಸಾಲು ಕೂಡಿಸಿದರೂ 260 ಬರಬೇಕು. ಅಂಥ ಸಂಚಾರವನ್ನು 1848ರಲ್ಲಿ ಇಂಗ್ಲೆಂಡಿನ ಬೆವರ್ಲಿ ಪ್ರಕಟಿಸಿದ್ದ. ಮೈಸೂರಿನ ರಾಜ ಹೆಣೆದದ್ದೂ ಅದೇ ಶತಮಾನದ ನಡುಭಾಗದ್ದು. ಆಟದ ಇತಿಹಾಸ ಬರೆದವರು ಇಂದಿಗೂ ‘ಮೈಸೂರಿನ ರಾಜ’ ಎಂದೇ ಅದನ್ನು ಎಣಿಸುತ್ತಾರೆ. ಆಳುವ ಕೆಲಸ ತಪ್ಪಿದ ರಾಜನ ಬಿಡುವನ್ನು ಸೋಮಾರಿತನ ಎಂದವರಿದ್ದರೆ ಈ ಲೆಕ್ಕವನ್ನು ಒಮ್ಮೆ ಪ್ರಯತ್ನಿಸಲಿ.

ಇನ್ನೊಂದು ಮೆಟ್ಟಿಲು ಬಾಕಿಯಿತ್ತು: ಎರಡು ಕರ್ಣಗಳೂ 260 ಆಗಬೇಕು. ಅದು ಯಾರಿಗೂ ಸಿಗಲಿಲ್ಲ. ಹುಡುಕಿ ಮುಗಿಸುವುದೂ ಸುಲಭವಲ್ಲ, ಏಕೆಂದರೆ ಎಂಟೆಂಟರ ಹಾಸಿನಲ್ಲಿ ಕುದುರೆಗೆ ಶುರುವಿನ ಮನೆಗೆ ಮರಳಲೇಬೇಕೆಂಬ ಕಟ್ಟಿಲ್ಲದ ದಾರಿಗಳೇ 19,59,18,28,17,09,79,904. ಸೆಕೆಂಡಿಗೊಂದರಂತೆ ನೋಡಿದರೂ 62 ಕೋಟಿ ವರ್ಷ. ವಿದೇಶದ ಹವ್ಯಾಸಿಗಳು ಅಡ್ಡದಾರಿ ಕಂಡುಕೊಂಡು, ಸಾಲುಗಳು ಹೊಂದುವ ಸಂಚಾರಗಳನ್ನಷ್ಟೇ ಸೋಸುವ ಪ್ರೋಗ್ರಾಂ ಬರೆದರು. 1 ಗಿಗಾಹರ್ಟ್ಸ್ ಕಂಪ್ಯೂಟರಿನ ಲೆಕ್ಕದಲ್ಲಿ 138 ದಿನಕ್ಕೂ ಮಿಕ್ಕ ಓಟ. 2003ರ ಆಗಸ್ಟ್ 5ರಂದು ಉತ್ತರ ಬಂತು: ಸಾಲುಗಳು ಹೊಂದುವ ಬಗೆಗಳು 140, ಕರ್ಣವೂ ಹೊಂದುವುದು ಒಂದೂ ಇಲ್ಲ.

ಬೆವರ್ಲಿಯಿಂದ ಎಣಿಸಿದರೆ 155 ವರ್ಷ. ಒಬ್ಬೊಬ್ಬರೇ ಕೂತು ಆಡಿದ ಆಟಗಳಲ್ಲಿ ನನ್ನ ಲೆಕ್ಕಕ್ಕೆ ಅತಿ ಉದ್ದದ್ದು ಇದೇ, ಅದೂ ಗೆಲುವೇ ಇಲ್ಲದ್ದು. ಆದರೆ ಹಾಸನ್ನು ಹನ್ನೆರಡಕ್ಕೆ ಹನ್ನೆರಡು ಮನೆ ಮಾಡಿದರೆ ಕರ್ಣಗಳೂ ಹೊಂದುತ್ತವೆ; ಅಂಥ ಸಂಚಾರಗಳನ್ನು ಈಗಾಗಲೇ ಕಂಡುಹಿಡಿದಿದ್ದಾರೆ.