ಗಣಕಯಂತ್ರವು ತಾನಾಗಿಯೇ ಪುನರಾರಂಭಗೊಳ್ಳುವ ದೋಷ: ಕಾರಣಗಳು ಮತ್ತು ಪರಿಶೀಲನಾ ಕ್ರಮ

ಪೀಠಿಕೆ

ಕಛೇರಿ, ಶಾಲೆ ಹಾಗೂ ಮನೆಗಳಲ್ಲಿ ಬಳಕೆಯಲ್ಲಿರುವ ಮೇಜಿನ ಗಣಕಯಂತ್ರಗಳು ಕೆಲಸದ ಮಧ್ಯೆ ಯಾವುದೇ ಸೂಚನೆಯಿಲ್ಲದೆ ಆರಿ, ಮತ್ತೆ ತಾವಾಗಿಯೇ ಪ್ರಾರಂಭಗೊಳ್ಳುವುದು ಸಾಮಾನ್ಯವಾಗಿ ಕಂಡುಬರುವ ದೋಷವಾಗಿದೆ. ಇದರಿಂದ ಉಳಿಸದೆ ಇದ್ದ ಕೆಲಸ ನಷ್ಟವಾಗುತ್ತದೆ. ಡಿಸ್ಕಿಗೆ ಬರೆಯುತ್ತಿದ್ದ ಕಡತವು ಅರ್ಧದಲ್ಲಿ ನಿಂತು ಕೆಡುವ ಸಂಭವವೂ ಇರುತ್ತದೆ. ಕಾರಣವನ್ನು ತಿಳಿಯದೆ ಊಹೆಯ ಮೇಲೆ ಬಿಡಿಭಾಗಗಳನ್ನು ಬದಲಾಯಿಸುವುದರಿಂದ ಹಣ ವ್ಯಯವಾಗುವುದಲ್ಲದೆ ದೋಷವು ಹಾಗೆಯೇ ಉಳಿಯುತ್ತದೆ.

ಈ ದೋಷವನ್ನು ಪತ್ತೆಹಚ್ಚುವಲ್ಲಿ ಮುಖ್ಯವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಂತ್ರವನ್ನು ತಂತ್ರಾಂಶವು ಪುನರಾರಂಭಗೊಳಿಸಿತೇ, ಅಥವಾ ಯಂತ್ರಕ್ಕೆ ದೊರೆಯುತ್ತಿದ್ದ ವಿದ್ಯುತ್ತು ಕಡಿದುಹೋಯಿತೇ? ಮೊದಲನೆಯ ಸಂದರ್ಭದಲ್ಲಿ ಯಂತ್ರವು ಸಾಮಾನ್ಯವಾಗಿ ಕಾರಣವನ್ನು ದಾಖಲಿಸಿರುತ್ತದೆ. ಎರಡನೆಯ ಸಂದರ್ಭದಲ್ಲಿ ದಾಖಲಿಸಲು ಅದಕ್ಕೆ ಸಮಯವೇ ಇರುವುದಿಲ್ಲ. ಈ ವ್ಯತ್ಯಾಸವನ್ನು ಅರಿತು ಪರಿಶೀಲಿಸಿದಲ್ಲಿ ಹೆಚ್ಚಿನ ದೋಷಗಳ ಮೂಲವನ್ನು ಬಳಕೆದಾರರೇ ಗುರುತಿಸಬಹುದಾಗಿದೆ.

1. ಮೊದಲು ಕಡತಗಳ ರಕ್ಷಣೆ

ಪರಿಶೀಲನೆಯನ್ನು ಆರಂಭಿಸುವ ಮುನ್ನ ಮುಖ್ಯ ಕಡತಗಳನ್ನು ಪೆನ್‌ಡ್ರೈವ್, ಹೊರ ಹಾರ್ಡ್ ಡಿಸ್ಕ್ ಅಥವಾ ಬೇರೊಂದು ಯಂತ್ರಕ್ಕೆ ನಕಲು ಮಾಡಿಕೊಳ್ಳತಕ್ಕದ್ದು. ಪದೇ ಪದೇ ಪುನರಾರಂಭಗೊಳ್ಳುವ ಯಂತ್ರವು ಯಾವ ಕ್ಷಣದಲ್ಲಾದರೂ ಪೂರ್ಣವಾಗಿ ನಿಲ್ಲಬಹುದು. ದುರಸ್ತಿ ಮುಗಿಯುವವರೆಗೆ ಆ ಯಂತ್ರದಲ್ಲಿ ಕೆಲಸ ಮಾಡುವುದು ಅನಿವಾರ್ಯವಾದಲ್ಲಿ, ಪ್ರತಿ ಕೆಲವು ನಿಮಿಷಗಳಿಗೊಮ್ಮೆ ಕಡತವನ್ನು ಉಳಿಸುವುದು ಅವಶ್ಯ. ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶದಲ್ಲಿ ಸ್ವಯಂ ಚೇತರಿಕೆಯ ಅವಧಿಯು ಮೂಲತಃ 10 ನಿಮಿಷಗಳಿಗೆ ನಿಗದಿಯಾಗಿರುತ್ತದೆ. ಅದನ್ನು 1 ಅಥವಾ 2 ನಿಮಿಷಕ್ಕೆ ಇಳಿಸಿಕೊಳ್ಳಬಹುದು.

2. ಗಮನಿಸಿ ಬರೆದಿಟ್ಟುಕೊಳ್ಳಬೇಕಾದ ಅಂಶಗಳು

ಯಂತ್ರವು ಪುನರಾರಂಭಗೊಂಡ ದಿನಾಂಕ, ವೇಳೆ ಹಾಗೂ ಆಗ ನಡೆಯುತ್ತಿದ್ದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದಿಡತಕ್ಕದ್ದು. ನಾಲ್ಕೈದು ಬಾರಿಯ ದಾಖಲೆಯು ದೊರೆತಾಗ ಒಂದು ಕ್ರಮವು ಗೋಚರಿಸುವುದುಂಟು. ಉದಾಹರಣೆಗೆ:

ಅ) ಬೆಳಗಿನ ವೇಳೆ ಸರಿಯಾಗಿದ್ದು, ಅರ್ಧ ಗಂಟೆ ಕೆಲಸ ಮಾಡಿದ ನಂತರ ಅಥವಾ ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ದೋಷ ಕಂಡುಬಂದಲ್ಲಿ ತಾಪವನ್ನು ಶಂಕಿಸಬೇಕು.
ಆ) ಕೊಠಡಿಯ ದೀಪ ಮಿನುಗಿದಾಗ, ಪಂಪು ಚಾಲನೆಗೊಂಡಾಗ ಅಥವಾ ಮುದ್ರಣಕ್ಕೆ ಆದೇಶ ನೀಡಿದಾಗ ದೋಷ ಕಂಡುಬಂದಲ್ಲಿ ವಿದ್ಯುತ್ ಪೂರೈಕೆಯನ್ನು ಶಂಕಿಸಬೇಕು.
ಇ) ಒಂದೇ ತಂತ್ರಾಂಶವನ್ನು ತೆರೆದಾಗ ಅಥವಾ ಒಂದೇ ಉಪಕರಣವನ್ನು ಜೋಡಿಸಿದಾಗ ದೋಷ ಕಂಡುಬಂದಲ್ಲಿ ಆ ತಂತ್ರಾಂಶವನ್ನು ಅಥವಾ ಉಪಕರಣದ ಡ್ರೈವರನ್ನು ಶಂಕಿಸಬೇಕು.
ಈ) ಯಾವ ಕ್ರಮವೂ ಇಲ್ಲದೆ ದೋಷ ಕಂಡುಬಂದಲ್ಲಿ ರ‍್ಯಾಮ್, ಸಡಿಲ ಜೋಡಣೆ ಅಥವಾ ವಿದ್ಯುತ್ ಪೂರೈಕೆ ಘಟಕವನ್ನು ಶಂಕಿಸಬೇಕು.

3. ಯಂತ್ರದ ದಾಖಲೆಯನ್ನು ಓದುವ ವಿಧಾನ

ವಿಂಡೋಸ್ 10 ಹಾಗೂ ವಿಂಡೋಸ್ 11 ವ್ಯವಸ್ಥೆಗಳಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿದಾಗ ಬರುವ ಪಟ್ಟಿಯಲ್ಲಿ 'ಇವೆಂಟ್ ವ್ಯೂವರ್' ಎಂಬುದನ್ನು ಆಯ್ಕೆ ಮಾಡಿ, ಅದರಲ್ಲಿ 'ವಿಂಡೋಸ್ ಲಾಗ್ಸ್' ಹಾಗೂ ಅದರಡಿಯ 'ಸಿಸ್ಟಂ' ವಿಭಾಗವನ್ನು ತೆರೆಯಬೇಕು. ದೋಷ ಕಂಡುಬಂದ ವೇಳೆಯಲ್ಲಿ ಈ ಕೆಳಗಿನ ಸಂಖ್ಯೆಗಳಿವೆಯೇ ಎಂಬುದನ್ನು ನೋಡತಕ್ಕದ್ದು.

ಸಂಖ್ಯೆ 1074: ಯಾವುದೋ ತಂತ್ರಾಂಶ ಅಥವಾ ಬಳಕೆದಾರರು ಕ್ರಮಬದ್ಧವಾಗಿ ಪುನರಾರಂಭಕ್ಕೆ ಆದೇಶ ನೀಡಿದ್ದಾರೆ ಎಂದರ್ಥ. ಆದೇಶ ನೀಡಿದ ತಂತ್ರಾಂಶದ ಹೆಸರೂ ಅಲ್ಲಿಯೇ ಇರುತ್ತದೆ. ಇದು ಬಹುತೇಕ ವಿಂಡೋಸ್ ಅಪ್‌ಡೇಟ್ ಆಗಿರುತ್ತದೆ. ಅಪ್‌ಡೇಟ್ ವಿಭಾಗದಲ್ಲಿ ಕೆಲಸದ ವೇಳೆಯನ್ನು ನಮೂದಿಸಿದಲ್ಲಿ ಆ ಅವಧಿಯಲ್ಲಿ ಯಂತ್ರವು ಅಪ್‌ಡೇಟ್‌ಗಾಗಿ ತಾನಾಗಿ ಪುನರಾರಂಭಗೊಳ್ಳುವುದು ತಪ್ಪುತ್ತದೆ. ಇಂತಹ ಸಂದರ್ಭದಲ್ಲಿ ಯಂತ್ರಾಂಶವನ್ನು ಮುಟ್ಟುವ ಅವಶ್ಯಕತೆಯೇ ಇಲ್ಲ.

ಸಂಖ್ಯೆ 1001, 'ಬಗ್‌ಚೆಕ್' ಎಂಬ ಉಲ್ಲೇಖದೊಂದಿಗೆ: ಸರಿಪಡಿಸಲಾಗದ ದೋಷವನ್ನು ಕಂಡು ವ್ಯವಸ್ಥೆಯೇ ಯಂತ್ರವನ್ನು ನಿಲ್ಲಿಸಿದೆ ಎಂದರ್ಥ. ಇದರೊಂದಿಗಿರುವ ಸಂಕೇತವನ್ನು ಬರೆದಿಟ್ಟುಕೊಳ್ಳಬೇಕು.

ಸಂಖ್ಯೆ 41 ಮತ್ತು 6008: ಹಿಂದಿನ ಬಾರಿ ಯಂತ್ರವು ಕ್ರಮಬದ್ಧವಾಗಿ ಮುಚ್ಚಲ್ಪಟ್ಟಿಲ್ಲ ಎಂದಷ್ಟೇ ಇವುಗಳ ಅರ್ಥ. ಇವುಗಳನ್ನು ಯಂತ್ರವು ಮರಳಿ ಪ್ರಾರಂಭವಾದ ಮೇಲೆ ಬರೆಯುತ್ತದೆ. ಆದುದರಿಂದ ಇವು ದೋಷದ ಕಾರಣವಲ್ಲ, ಅದರ ಪರಿಣಾಮ. ಸಂಖ್ಯೆ 41ರ ವಿವರದಲ್ಲಿ ಬಗ್‌ಚೆಕ್ ಸಂಕೇತವು ಸೊನ್ನೆಯಾಗಿದ್ದು, ಸಮೀಪದಲ್ಲಿ 1001 ಇಲ್ಲದಿದ್ದಲ್ಲಿ ಸಾಮಾನ್ಯವಾಗಿ ವಿದ್ಯುತ್ತು ಕಡಿದುಹೋಗಿದೆ ಅಥವಾ ಯಂತ್ರವು ಏನನ್ನೂ ದಾಖಲಿಸಲಾರದಂತೆ ಸ್ತಬ್ಧಗೊಂಡಿದೆ ಎಂದು ತಿಳಿಯಬೇಕು.

ದೋಷದ ಪರದೆಯು ಓದಲು ಸಮಯ ನೀಡದೆ ಮಾಯವಾಗುತ್ತಿದ್ದಲ್ಲಿ, 'ಅಡ್ವಾನ್ಸ್‌ಡ್ ಸಿಸ್ಟಂ ಸೆಟ್ಟಿಂಗ್ಸ್' ಒಳಗಿನ 'ಸ್ಟಾರ್ಟ್‌ಅಪ್ ಅಂಡ್ ರಿಕವರಿ' ಭಾಗದಲ್ಲಿ ಸ್ವಯಂ ಪುನರಾರಂಭದ ಗುರುತನ್ನು ತೆಗೆದುಹಾಕಬೇಕು. ಆಗ ದೋಷ ಬಂದಾಗ ಪರದೆಯು ಹಾಗೆಯೇ ನಿಲ್ಲುತ್ತದೆ. ಬಹುಕಾಲದಿಂದ ನೀಲಿಯಾಗಿದ್ದ ಈ ಪರದೆಯು ವಿಂಡೋಸ್ 11ರಲ್ಲಿ 2025ರ ಬದಲಾವಣೆಯ ನಂತರ ಕಪ್ಪು ಬಣ್ಣದಲ್ಲಿ ಕಾಣಿಸುತ್ತದೆ.

4. ತಂತ್ರಾಂಶವೋ ಯಂತ್ರಾಂಶವೋ ಎಂದು ತಿಳಿಯುವ ಸರಳ ಪರೀಕ್ಷೆ

ಯಂತ್ರವನ್ನು ಪ್ರಾರಂಭಿಸುವಾಗ ನಿಗದಿತ ಕೀಲಿಯನ್ನು ಒತ್ತಿ ಬಯಾಸ್ ಪರದೆಗೆ ಹೋಗಿ, ಏನನ್ನೂ ಬದಲಾಯಿಸದೆ ಒಂದು ಗಂಟೆಯ ಕಾಲ ಹಾಗೆಯೇ ಬಿಡಬೇಕು. ಈ ಹಂತದಲ್ಲಿ ವಿಂಡೋಸ್ ಆಗಲಿ, ಡ್ರೈವರ್‌ಗಳಾಗಲಿ, ವೈರಸ್‌ಗಳಾಗಲಿ ಕಾರ್ಯನಿರತವಾಗಿರುವುದಿಲ್ಲ. ಇಲ್ಲಿಯೂ ಯಂತ್ರವು ಪುನರಾರಂಭಗೊಂಡಲ್ಲಿ ದೋಷವು ವಿದ್ಯುತ್ ಪೂರೈಕೆಯಲ್ಲಿ ಅಥವಾ ಯಂತ್ರಾಂಶದಲ್ಲಿದೆ ಎಂಬುದು ಖಚಿತ. ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದರಿಂದ ಪ್ರಯೋಜನವಾಗದು. ಆದರೆ ಇಲ್ಲಿ ದೋಷ ಕಾಣದಿದ್ದ ಮಾತ್ರಕ್ಕೆ ಯಂತ್ರಾಂಶವು ಸರಿಯಿದೆ ಎಂದು ತೀರ್ಮಾನಿಸಲಾಗದು, ಏಕೆಂದರೆ ಈ ಹಂತದಲ್ಲಿ ಯಂತ್ರದ ಮೇಲಿನ ಹೊರೆ ಕಡಿಮೆಯಿರುತ್ತದೆ.

5. ವಿದ್ಯುತ್ ಪೂರೈಕೆಯ ಪರಿಶೀಲನೆ

ನಮ್ಮಲ್ಲಿ ಪೂರೈಕೆಯಾಗುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್ ಆಗಿದ್ದು, ಅದರ ಒಂದು ಆವರ್ತದ ಅವಧಿಯು 20 ಮಿಲಿಸೆಕೆಂಡುಗಳು. ಗಣಕಯಂತ್ರದ ವಿದ್ಯುತ್ ಪೂರೈಕೆ ಘಟಕವಾದ ಎಸ್‌ಎಂಪಿಎಸ್, ಪೂರ್ಣ ಹೊರೆಯಲ್ಲಿ ಹೊರಗಿನ ವಿದ್ಯುತ್ತಿಲ್ಲದೆ ಸುಮಾರು 16 ಮಿಲಿಸೆಕೆಂಡುಗಳಷ್ಟು ಕಾಲ ಮಾತ್ರ ಯಂತ್ರವನ್ನು ನಡೆಸುವಂತೆ ರೂಪಿತವಾಗಿರುತ್ತದೆ. ಆದುದರಿಂದ ಕಣ್ಣಿಗೆ ಹೆಚ್ಚಾಗಿ ಕಾಣದ ಅಡಚಣೆಯೂ ಯಂತ್ರವನ್ನು ನಿಲ್ಲಿಸಬಲ್ಲದು. ಈ ಕೆಳಗಿನ ಅಂಶಗಳನ್ನು ಅನುಕ್ರಮವಾಗಿ ಪರಿಶೀಲಿಸತಕ್ಕದ್ದು.

ಅ) ಗೋಡೆಯ ಸಾಕೆಟ್, ಪ್ಲಗ್ ಹಾಗೂ ಯಂತ್ರದ ಹಿಂಬದಿಯ ತಂತಿ ಬಿಗಿಯಾಗಿರಬೇಕು. ಪ್ಲಗ್ ಬಿಸಿಯಾಗಿದ್ದರೆ ಅಥವಾ ಕಪ್ಪಾಗಿದ್ದರೆ ಸಾಕೆಟ್ ಬದಲಾಯಿಸಬೇಕು. ಮೂರು ಪಿನ್ನಿನ ಪ್ಲಗ್ ಹಾಗೂ ಸರಿಯಾದ ಅರ್ಥಿಂಗ್ ಇರುವುದು ಕಡ್ಡಾಯ.

ಆ) ಯುಪಿಎಸ್ ಬಳಕೆಯಲ್ಲಿದ್ದಲ್ಲಿ ಅದರ ಬ್ಯಾಟರಿಯನ್ನು ಪರೀಕ್ಷಿಸಬೇಕು. ಗಣಕಯಂತ್ರವನ್ನು ಮುಚ್ಚಿ, ಯುಪಿಎಸ್‌ಗೆ ಟೇಬಲ್ ಲ್ಯಾಂಪಿನಲ್ಲಿರುವ 60 ಅಥವಾ 100 ವ್ಯಾಟಿನ ಹಳೆಯ ಮಾದರಿಯ ಬಲ್ಬನ್ನು ಜೋಡಿಸಿ, ಗೋಡೆಯ ಸ್ವಿಚ್ಚನ್ನು ಆರಿಸಬೇಕು. ಬಲ್ಬು ತಕ್ಷಣ ಅಥವಾ ಒಂದೆರಡು ನಿಮಿಷಗಳಲ್ಲಿ ಆರಿದಲ್ಲಿ ಬ್ಯಾಟರಿಯ ಆಯಸ್ಸು ಮುಗಿದಿದೆ. ಈ ಬ್ಯಾಟರಿಗಳು ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳುತ್ತವೆ, ಸೆಕೆ ಹೆಚ್ಚಿರುವಲ್ಲಿ ಇನ್ನೂ ಕಡಿಮೆ.

ಇ) ಲೇಸರ್ ಮುದ್ರಕವನ್ನು ಯುಪಿಎಸ್‌ಗೆ ಜೋಡಿಸಬಾರದು. 600 ವಿಎ ಸಾಮರ್ಥ್ಯದ ಸಾಮಾನ್ಯ ಯುಪಿಎಸ್ ನೀಡಬಲ್ಲದ್ದು 360 ವ್ಯಾಟ್ ಮಾತ್ರ. ಲೇಸರ್ ಮುದ್ರಕದೊಳಗಿನ ಬಿಸಿ ಉರುಳೆಯು ಕಾಯುವಾಗ ಇದಕ್ಕಿಂತಲೂ ಹೆಚ್ಚು ವಿದ್ಯುತ್ತನ್ನು ಎಳೆಯಬಹುದು. 'ಮುದ್ರಿಸಿದಾಗಲೆಲ್ಲ ಗಣಕಯಂತ್ರ ಆರುತ್ತದೆ' ಎಂಬ ದೂರಿಗೆ ಇದು ಒಂದು ಪ್ರಮುಖ ಕಾರಣ.

ಈ) ಒಂದು ದಿನದ ಮಟ್ಟಿಗೆ ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಯಂತ್ರವನ್ನು ಜೋಡಿಸಿ ನೋಡಬಹುದು. ದೋಷ ನಿಂತಲ್ಲಿ ಯುಪಿಎಸ್ ಕಾರಣವೆಂದು ತಿಳಿಯುತ್ತದೆ.

ಉ) ಇವೆಲ್ಲವೂ ಸರಿಯಿದ್ದಲ್ಲಿ ಸರಿಯಿರುವ ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ಪರೀಕ್ಷಿಸಬೇಕು. ಇದರಿಂದ ಹೊರಬರುವ 12 ವೋಲ್ಟ್ ಹಾಗೂ 5 ವೋಲ್ಟ್‌ಗಳು ಶೇಕಡ 5ಕ್ಕಿಂತ ಹೆಚ್ಚು ಏರುಪೇರಾಗಬಾರದು. ಅಂದರೆ ಅವು ಅನುಕ್ರಮವಾಗಿ 11.4ರಿಂದ 12.6 ಹಾಗೂ 4.75ರಿಂದ 5.25 ವೋಲ್ಟ್‌ಗಳ ನಡುವೆ ಇರಬೇಕು.

ವಿದ್ಯುತ್ತು ಮರಳಿದಾಗ ಯಂತ್ರವು ತಾನಾಗಿ ಪ್ರಾರಂಭವಾಗುವಂತೆ ಬಯಾಸ್‌ನಲ್ಲಿ ನಿಗದಿಪಡಿಸಲು ಅವಕಾಶವಿರುತ್ತದೆ. ಇಂತಹ ಯಂತ್ರದಲ್ಲಿ ಕ್ಷಣಕಾಲದ ವಿದ್ಯುತ್ ಕಡಿತವೂ 'ತಾನಾಗಿಯೇ ಪುನರಾರಂಭ'ದಂತೆ ತೋರುತ್ತದೆ.

6. ತಾಪ ಮತ್ತು ಧೂಳು

ಪ್ರಾಸೆಸರ್ ಮಿತಿಮೀರಿ ಬಿಸಿಯಾದಾಗ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಗಲೂ ತಾಪ ಇಳಿಯದಿದ್ದಲ್ಲಿ ಹಾನಿಯನ್ನು ತಪ್ಪಿಸಲು ಯಂತ್ರವು ನಿಂತುಹೋಗುತ್ತದೆ. ಅತಿ ತಾಪದಲ್ಲಿ ಯಂತ್ರವು ಪುನರಾರಂಭಗೊಳ್ಳುವುದಕ್ಕಿಂತ ಪೂರ್ಣವಾಗಿ ಆರಿಹೋಗುವುದೇ ಹೆಚ್ಚು. ಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಹೊರಗೆ ತೆರೆದ ಜಾಗದಲ್ಲಿ ಮೃದುವಾದ ಕುಂಚದಿಂದ ಫ್ಯಾನ್ ಹಾಗೂ ಅದರಡಿಯ ಲೋಹದ ಪದರಗಳ ಧೂಳನ್ನು ತೆಗೆಯಬೇಕು. ಗಾಳಿ ಊದುವಾಗ ಫ್ಯಾನ್ ವೇಗವಾಗಿ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಯಂತ್ರವನ್ನು ಗೋಡೆಗೆ ಒತ್ತಿ ಅಥವಾ ಮುಚ್ಚಿದ ಮೇಜಿನ ಖಾನೆಯಲ್ಲಿ ಇಡಬಾರದು.

7. ರ‍್ಯಾಮ್, ಮದರ್‌ಬೋರ್ಡ್ ಮತ್ತು ಡಿಸ್ಕ್

ಬಗ್‌ಚೆಕ್ ಸಂಕೇತವು ಪ್ರತಿ ಬಾರಿಯೂ ಬೇರೆ ಬೇರೆಯಾಗಿದ್ದಲ್ಲಿ ರ‍್ಯಾಮ್ ದೋಷವನ್ನು ಶಂಕಿಸಬೇಕು. ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡ ನಂತರ ರ‍್ಯಾಮ್ ಪಟ್ಟಿಗಳನ್ನು ತೆಗೆದು ಮತ್ತೆ ಬಿಗಿಯಾಗಿ ಕೂರಿಸಬೇಕು. ಎರಡು ಪಟ್ಟಿಗಳಿದ್ದಲ್ಲಿ ಒಂದೊಂದನ್ನೇ ಬಳಸಿ ನೋಡಬೇಕು. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅಥವಾ ಉಚಿತವಾಗಿ ದೊರೆಯುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ರಾತ್ರಿಯಿಡೀ ನಡೆಸಿದಾಗ ಒಂದು ದೋಷ ಕಂಡುಬಂದರೂ ಆ ಪಟ್ಟಿಯನ್ನು ನಂಬುವಂತಿಲ್ಲ.

ಮದರ್‌ಬೋರ್ಡಿನ ಮೇಲಿನ ಸಣ್ಣ ಕೊಳವೆಯಾಕಾರದ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಅವು ಕೆಟ್ಟಿವೆ ಎಂದರ್ಥ. 2000ದ ದಶಕದ ಆರಂಭದಲ್ಲಿ ತಯಾರಾದ ಅನೇಕ ಬೋರ್ಡ್‌ಗಳು ಈ ಕಾರಣದಿಂದಲೇ ಹಾಳಾದವು. ಮುಂಬದಿಯ ರೀಸೆಟ್ ಗುಂಡಿಯು ಸಿಕ್ಕಿಕೊಂಡಿದ್ದರೂ ಯಂತ್ರವು ಪುನರಾರಂಭಗೊಳ್ಳುತ್ತದೆ. ಡಿಸ್ಕಿನ ದೋಷವಿದೆಯೆಂದು ಶಂಕೆಯಿದ್ದಲ್ಲಿ, ಕಡತಗಳನ್ನು ನಕಲು ಮಾಡಿಕೊಂಡ ನಂತರವೇ ಡಿಸ್ಕ್ ಪರೀಕ್ಷೆಯನ್ನು ನಡೆಸತಕ್ಕದ್ದು.

8. ವೈರಸ್ ಮತ್ತು ಹಳೆಯ ವ್ಯವಸ್ಥೆಗಳು

2003ರ ಆಗಸ್ಟ್‌ನಲ್ಲಿ ಹರಡಿದ ಬ್ಲಾಸ್ಟರ್ ಹಾಗೂ 2004ರಲ್ಲಿ ಹರಡಿದ ಸ್ಯಾಸರ್ ಎಂಬ ಕುತಂತ್ರಾಂಶಗಳು, 60 ಸೆಕೆಂಡುಗಳ ಎಣಿಕೆಯನ್ನು ತೋರಿಸಿ ಗಣಕಯಂತ್ರಗಳು ಪುನರಾರಂಭಗೊಳ್ಳುವಂತೆ ಮಾಡುತ್ತಿದ್ದವು. ಇವುಗಳನ್ನು ತಡೆಯುವ ಪರಿಹಾರವನ್ನು ಮೈಕ್ರೋಸಾಫ್ಟ್ ಮೊದಲೇ ಬಿಡುಗಡೆ ಮಾಡಿದ್ದರೂ, ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ತೊಂದರೆಗೊಳಗಾದವು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದನ್ನು ಬಳಕೆದಾರರು ಗಮನಿಸುವುದು.

9. ಎಚ್ಚರಿಕೆ

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವುದೇ ಕಾರಣಕ್ಕೂ ತೆರೆಯಬಾರದು. 230 ವೋಲ್ಟ್ ವಿದ್ಯುತ್ತು ಅದರೊಳಗೆ 300 ವೋಲ್ಟ್‌ಗೂ ಮೀರಿ ಸಂಗ್ರಹವಾಗಿರುತ್ತದೆ. ಪ್ಲಗ್ ಕಿತ್ತ ನಂತರವೂ ಅದು ಸ್ವಲ್ಪ ಕಾಲ ಉಳಿದು ಪ್ರಾಣಾಪಾಯವನ್ನು ಉಂಟುಮಾಡಬಲ್ಲದು. ಒಂದು ಬಾರಿಗೆ ಒಂದು ಬದಲಾವಣೆಯನ್ನು ಮಾತ್ರ ಮಾಡಿ ಫಲಿತಾಂಶವನ್ನು ನೋಡಬೇಕು. ಹಲವು ಬದಲಾವಣೆಗಳನ್ನು ಒಟ್ಟಿಗೆ ಮಾಡಿದಲ್ಲಿ ಯಾವುದರಿಂದ ದೋಷ ನಿಂತಿತೆಂಬುದು ತಿಳಿಯುವುದಿಲ್ಲ. ಹಳೆಯ ಬ್ಯಾಟರಿ ಹಾಗೂ ಬಿಡಿಭಾಗಗಳನ್ನು ಕಸದೊಂದಿಗೆ ಎಸೆಯದೆ, ಅಧಿಕೃತ ಸಂಗ್ರಹಣಾ ಕೇಂದ್ರಗಳಿಗೆ ನೀಡತಕ್ಕದ್ದು.

10. ತಂತ್ರಜ್ಞರಿಗೆ ಒಪ್ಪಿಸುವಾಗ

ಮೇಲಿನ ಪರಿಶೀಲನೆಯಿಂದ ದೋಷ ನಿವಾರಣೆಯಾಗದಿದ್ದಲ್ಲಿ ಅನುಭವಿ ತಂತ್ರಜ್ಞರ ನೆರವು ಪಡೆಯಬೇಕು. ದೋಷ ಕಂಡುಬಂದ ವೇಳೆಗಳ ಹಾಳೆ, ಇವೆಂಟ್ ವ್ಯೂವರ್‌ನಲ್ಲಿ ಕಂಡ ಸಂಖ್ಯೆಗಳು ಹಾಗೂ ಈವರೆಗೆ ಮಾಡಿದ ಪರೀಕ್ಷೆಗಳ ವಿವರವನ್ನು ಅವರಿಗೆ ನೀಡುವುದು. ಬದಲಾಯಿಸಿದ ಬಿಡಿಭಾಗವನ್ನು ಹಾಗೂ ಅದರ ರಸೀದಿಯನ್ನು ಕೇಳಿ ಪಡೆಯುವುದು. ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸುವ ಸಲಹೆ ಬಂದಲ್ಲಿ, ಬಯಾಸ್ ಪರೀಕ್ಷೆಯ ಫಲಿತಾಂಶವನ್ನು ತಿಳಿಸಿ, ಕಡತಗಳ ನಕಲು ಇರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಒಪ್ಪಿಗೆ ನೀಡುವುದು. ಯಂತ್ರವನ್ನು ಮತ್ತೆ ಕೊಳ್ಳಬಹುದು, ಆದರೆ ವರ್ಷಗಳ ಕಾಲ ಬರೆದಿಟ್ಟ ಕಡತಗಳು ಒಮ್ಮೆ ಅಳಿದಲ್ಲಿ ಮರಳಿ ದೊರೆಯುವ ಭರವಸೆಯಿಲ್ಲ.