ಕಲ್ಲಿದ್ದಲ ಗಣಿಯ ಮೀಥೇನ್: ಕೃಷ್ಣೆಯ ಎರಡು ದಡಗಳ ಲೆಕ್ಕ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಆದರೂ ಕಲ್ಲಿದ್ದಲು ಈ ಸೀಮೆಗೆ ಅಪರಿಚಿತವಲ್ಲ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಗ್ರಾಮದ ಎದುರು ದಡದ ಸೀಮೆಯಲ್ಲಿ, ಶಕ್ತಿನಗರದಲ್ಲಿ, ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. 1985ರಲ್ಲಿ ಮೊದಲ ಘಟಕದೊಡನೆ ಆರಂಭವಾದ ಈ ಕೇಂದ್ರದಲ್ಲಿ ಇಂದು ಎಂಟು ಘಟಕಗಳಿದ್ದು, ಅವುಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಅಲ್ಲಿ ಉರಿಯುವ ಕಲ್ಲಿದ್ದಲಿನ ಒಂದು ಪಾಲು ತೆಲಂಗಾಣದ ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳದು. ಚಿಮಣಿಯ ಹೊಗೆಯೂ ಹಾರುಬೂದಿಯೂ ಎರಡೂ ದಡದವರ ಕಣ್ಣಿಗೆ ಬೀಳುತ್ತವೆ. ಕಲ್ಲಿದ್ದಲು ರೈಲನ್ನು ಏರುವ ಮೊದಲೇ ಗಣಿಯಿಂದ ಹೊರಟುಹೋದ ಮೀಥೇನ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಸ್ಯರಾಶಿಯು ಭೂಮಿಯೊಳಗೆ ಹೂತು ಕಲ್ಲಿದ್ದಲಾಗುವ ದೀರ್ಘ ಪ್ರಕ್ರಿಯೆಯಲ್ಲಿ ಮೀಥೇನ್ ಹುಟ್ಟುತ್ತದೆ. ಅದು ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳ ಮೈಗೆ ಅಂಟಿಕೊಂಡು, ಮೇಲಿನ ಪದರಗಳ ಒತ್ತಡದಲ್ಲಿ ಸೆರೆಯಾಗಿರುತ್ತದೆ. ಅಗೆತದಿಂದ ಒತ್ತಡ ತಗ್ಗಿದೊಡನೆ ಬಿಡುಗಡೆ ಹೊಂದುತ್ತದೆ. ಸಾಮಾನ್ಯವಾಗಿ ಗಣಿ ಆಳವಾದಷ್ಟೂ ಅನಿಲ ಹೆಚ್ಚು. ಹವೆಯಲ್ಲಿ ಮೀಥೇನಿನ ಆಯುಸ್ಸು ಸುಮಾರು 12 ವರ್ಷ ಮಾತ್ರ. ಆದರೆ 20 ವರ್ಷಗಳ ಲೆಕ್ಕದಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಆದುದರಿಂದ ಇಂದು ತಡೆದ ಮೀಥೇನಿನ ಫಲವನ್ನು ಈ ತಲೆಮಾರೇ ಕಾಣಬಲ್ಲದು.

ಗಣಿಗಾರರಿಗೆ ಈ ಅನಿಲ ಮೊದಲು ಪರಿಚಯವಾದುದು ಹವಾಮಾನದ ಸಮಸ್ಯೆಯಾಗಿ ಅಲ್ಲ, ಮೃತ್ಯುವಾಗಿ. ಗಾಳಿಯಲ್ಲಿ ಅದರ ಪ್ರಮಾಣ ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿಯಿಂದ ಸ್ಫೋಟವಾಗುತ್ತದೆ. 1965ರ ಮೇ 28ರಂದು ಇಂದಿನ ಝಾರ್ಖಂಡದ ಧೋರಿ ಗಣಿಯ ಸ್ಫೋಟದಲ್ಲಿ 268 ಮಂದಿ ಸತ್ತರು. ಭಾರತದ ಗಣಿ ನಿಯಮಾವಳಿಯ ಪ್ರಕಾರ ಗಣಿಯಿಂದ ಹಿಂದಿರುಗುವ ಗಾಳಿಯಲ್ಲಿ ಈ ಅನಿಲ ಶೇ. 0.75ನ್ನೂ, ಗಣಿಯ ಯಾವುದೇ ಸ್ಥಳದಲ್ಲಿ ಶೇ. 1.25ನ್ನೂ ಮೀರುವಂತಿಲ್ಲ. ಬೃಹತ್ ಪಂಖಗಳು ಗಾಳಿಯನ್ನು ಹಾಯಿಸಿ ಅನಿಲವನ್ನು ತೆಳುಗೊಳಿಸಿ ಹೊರದೂಡುತ್ತವೆ. ತೊಡಕು ಇರುವುದು ಇಲ್ಲಿಯೇ. ಕಾರ್ಮಿಕನ ಜೀವ ಉಳಿಯಲು ಮೀಥೇನ್ ತೆಳುವಾಗಬೇಕು. ಅದನ್ನು ಹಿಡಿದು ಉರಿಸಲು ಅದು ದಟ್ಟವಾಗಿರಬೇಕು.

ಈ ತೊಡಕಿಗೆ ಪರಿಹಾರ, ಅನಿಲವು ಗಣಿಯ ಗಾಳಿಯೊಡನೆ ಬೆರೆಯುವ ಮೊದಲೇ ಅದನ್ನು ಹೀರಿಕೊಳ್ಳುವುದು. ಅಗೆತಕ್ಕೆ ಮುಂಚೆ ಪದರಕ್ಕೆ ಕೊಳವೆಬಾವಿ ಕೊರೆದು ಅನಿಲವನ್ನು ಸೆಳೆಯಬಹುದು. ಕಲ್ಲಿದ್ದಲು ತೆಗೆದ ಮೇಲೆ ಕುಸಿದ ಭಾಗದಿಂದಲೂ ಸೆಳೆಯಬಹುದು. ಹೀಗೆ ದೊರೆತ ಅನಿಲದಿಂದ ವಿದ್ಯುತ್ತನ್ನು ಉತ್ಪಾದಿಸಬಹುದು. ಝರಿಯಾ ಪ್ರದೇಶದ ಮೂನಿಡೀಹ್ ಗಣಿಯಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ನಡೆದ ಪ್ರಾಯೋಗಿಕ ಯೋಜನೆ ಇದನ್ನು ಭಾರತದಲ್ಲಿ ಮಾಡಿ ತೋರಿಸಿತು. ಪಂಖದ ಮೂಲಕ ಹೊರಬರುವ ತೆಳು ಅನಿಲವನ್ನು ಕಾದ ಸೆರಾಮಿಕ್ ಪದರಗಳ ನಡುವೆ ಹಾಯಿಸಿ ಉತ್ಕರ್ಷಿಸುವ ವಿಧಾನವೂ ಇದೆ. ಅದರಿಂದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಆದರೂ ಒಟ್ಟು ಹಾನಿ ಬಹಳ ತಗ್ಗುತ್ತದೆ.

ಸಿಂಗರೇಣಿಯ ಸ್ಥಿತಿ ಝರಿಯಾಕ್ಕಿಂತ ಬೇರೆ. ಭಾರತದಲ್ಲಿ ಭೂಗತ ಗಣಿಗಳನ್ನು ಅನಿಲದ ಪ್ರಮಾಣಕ್ಕೆ ತಕ್ಕಂತೆ ಮೂರು ದರ್ಜೆಗಳಾಗಿ ವಿಂಗಡಿಸಲಾಗಿದೆ: ಒಂದು ಟನ್ ಕಲ್ಲಿದ್ದಲಿಗೆ 1 ಘನ ಮೀಟರಿಗಿಂತ ಕಡಿಮೆ ಹೊಮ್ಮಿದರೆ ಮೊದಲನೆಯದು, 10 ಘನ ಮೀಟರಿನವರೆಗೆ ಎರಡನೆಯದು, ಅದಕ್ಕೂ ಮೇಲಾದರೆ ಮೂರನೆಯದು. ಸಿಂಗರೇಣಿಯ ಭೂಗತ ಗಣಿಗಳು ಬಹುತೇಕ ಮೊದಲ ದರ್ಜೆಯವು. ಅಲ್ಲದೆ ಅಲ್ಲಿನ ಉತ್ಪಾದನೆಯ ಬಹುಪಾಲು ಬರುವುದು ತೆರೆದ ಗಣಿಗಳಿಂದ. ತೆರೆದ ಗಣಿಯಲ್ಲಿ ಅನಿಲವು ವಿಶಾಲವಾದ ಮೈಯಿಂದ ನೇರವಾಗಿ ಆಕಾಶಕ್ಕೆ ಸೇರುತ್ತದೆ. ಅಲ್ಲಿ ಪಂಖವಿಲ್ಲ, ಕೊಳವೆಯಿಲ್ಲ. ಟನ್ನಿಗೆ ಸ್ವಲ್ಪವೇ ಅನಿಲ ಎಂಬುದು ಸಮಾಧಾನದ ಮಾತಾಗಿ ಕೇಳಿಸಿದರೂ, ಆ ಸ್ವಲ್ಪವನ್ನು ಹಿಡಿಯುವುದೇ ಹೆಚ್ಚು ಕಷ್ಟ. ಮುಚ್ಚಿದ ಗಣಿಗಳನ್ನು ಭದ್ರವಾಗಿ ಮುಚ್ಚುವುದು, ಹೊಮ್ಮುವುದನ್ನು ಅಳೆಯುವುದು ಸಾಧ್ಯ. ಅದರಾಚೆಗೆ ನಿಶ್ಚಿತವಾದ ಮಾರ್ಗ ಒಂದೇ: ಅಗೆಯುವ ಕಲ್ಲಿದ್ದಲೇ ಕಡಿಮೆಯಾಗುವುದು. ಅದು ನಿರ್ಧಾರವಾಗುವುದು ಗಣಿಯಲ್ಲಲ್ಲ, ವಿದ್ಯುತ್ತಿನ ಬೇಡಿಕೆಯಲ್ಲಿ.

ಇಲ್ಲಿ ಗಡಿಯ ಪ್ರಶ್ನೆ ಏಳುತ್ತದೆ. ಹೊರಸೂಸುವಿಕೆಯ ಲೆಕ್ಕದ ಪದ್ಧತಿಯಲ್ಲಿ ಮೀಥೇನ್ ಗಣಿಯಿರುವ ಜಾಗಕ್ಕೆ ಸೇರುತ್ತದೆ, ಹೊಗೆ ಉರಿಸಿದ ಜಾಗಕ್ಕೆ ಸೇರುತ್ತದೆ. ರಾಜ್ಯವಾರು ನೋಡಿದರೆ ಮೊದಲನೆಯದು ತೆಲಂಗಾಣದ್ದು, ಎರಡನೆಯದು ಕರ್ನಾಟಕದ್ದು. 1956ಕ್ಕೆ ಮುನ್ನ ಸಿಂಗರೇಣಿ, ನಾರಾಯಣಪೇಟೆ, ಗದ್ವಾಲ, ರಾಯಚೂರು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಲೆಕ್ಕದ ಪುಸ್ತಕ ಇಬ್ಭಾಗವಾಗಿದೆ, ಕಲ್ಲಿದ್ದಲಿನ ದಾರಿ ಇಬ್ಭಾಗವಾಗಿಲ್ಲ.

ಭಾಷೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಇಂಗ್ಲಿಷ್ ಗಣಿಗಾರರು ಮೀಥೇನನ್ನು ಫೈರ್‌ಡ್ಯಾಂಪ್ ಎಂದರು. ಅಲ್ಲಿನ ಡ್ಯಾಂಪ್ ಎಂಬುದಕ್ಕೆ ಹಳೆಯ ಅರ್ಥ ಆವಿ. ಅದನ್ನು ತೇವವೆಂದು ಅನುವಾದಿಸಿದರೆ ಅಪಾಯವೇ ಮರೆಯಾಗುತ್ತದೆ. ತೆಲುಗಿನಲ್ಲಿ ಗ್ಯಾಸಿಗೆ ವಾಯುವು ಎಂಬ ಪದ ರೂಢಿಯಲ್ಲಿದೆ. ಕನ್ನಡದಲ್ಲಿ ವಾಯು ಎಂದರೆ ಗಾಳಿ; ಗ್ಯಾಸಿಗೆ ಅನಿಲ. ಕಾವ್ಯದಲ್ಲಾದರೋ ಆ ಅನಿಲವೂ ಗಾಳಿಯೇ. ಗಣಿಯಲ್ಲಿ ಗಾಳಿ ಬದುಕಿಸುವುದು, ಅನಿಲ ಕೊಲ್ಲುವುದು. ಎರಡು ಭಾಷೆಗಳಲ್ಲಿ ಓದುವ ಗಡಿಯ ಕನ್ನಡ ವಿದ್ಯಾರ್ಥಿಗೆ ಈ ವ್ಯತ್ಯಾಸ ಪಾರಿಭಾಷಿಕ ಕೋಶದ ಚರ್ಚೆಯಲ್ಲ. ತಾನು ಉಸಿರಾಡುವ ಹವೆಯ ಕುರಿತ ವರದಿಯನ್ನು, ಅದು ಯಾವ ದಡದ ಭಾಷೆಯಲ್ಲಿದ್ದರೂ, ತಪ್ಪಿಲ್ಲದೆ ಓದಿಕೊಳ್ಳಲು ಅವನಿಗೆ ಅದು ಬೇಕು.