ಆತಿಥೇಯ ಸರ್ವರುಗಳ ಜಾಲ ಅಡಾಪ್ಟರುಗಳ ಪಟ್ಟೀಕರಣ

ಒಂದೇ ಸರ್ವರಿನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ವಿಎಂವೇರ್ ‘ಇಎಸ್‌ಎಕ್ಸ್‌ಐ’ ತಂತ್ರಾಂಶವು 2020ರ 7.0ನೆಯ ಆವೃತ್ತಿಯಲ್ಲಿ ‘ವಿಎಂಕೆಲಿನಕ್ಸ್’ ವರ್ಗದ ಹಳೆಯ ಡ್ರೈವರುಗಳನ್ನು ಕೈಬಿಟ್ಟಿತು. ಅವನ್ನೇ ಅವಲಂಬಿಸಿದ ಜಾಲ ಅಡಾಪ್ಟರುಗಳು ಆವೃತ್ತಿ ಬದಲಾದೊಡನೆ ನಿಷ್ಕ್ರಿಯವಾಗುವುವು. ಅವುಗಳ ಆಸರೆಯಲ್ಲಿರುವ ಯಂತ್ರಗಳು ಸಂಪರ್ಕವನ್ನು ಕಳೆದುಕೊಳ್ಳುವುವು. ಆದುದರಿಂದ ಅದಕ್ಕೆ ಮುನ್ನವೇ ಅಡಾಪ್ಟರುಗಳ ಪಟ್ಟಿ ಸಿದ್ಧವಿರಬೇಕು.

ಇದಕ್ಕೆ ‘ಪವರ್‌ಸಿಎಲ್‌ಐ’ ಸ್ಕ್ರಿಪ್ಟು ಸಾಧನ. ‘ಗೆಟ್-ವಿಎಂಹೋಸ್ಟ್’ ಆದೇಶದಿಂದ ಸರ್ವರುಗಳನ್ನು ಪಡೆದು, ಒಂದೊಂದನ್ನೂ ‘ಗೆಟ್-ಇಎಸ್‌ಎಕ್ಸ್‌ಸಿಎಲ್‌ಐ’ ಮೂಲಕ ವಿಚಾರಿಸಿ, ಅಡಾಪ್ಟರಿನ ಹೆಸರು, ಡ್ರೈವರು, ವೇಗ, ಮ್ಯಾಕ್ ವಿಳಾಸಗಳನ್ನು ಸರ್ವರಿನ ಹೆಸರಿನೊಡನೆ ಸಿಎಸ್‌ವಿ ಕಡತಕ್ಕೆ ಇಳಿಸಬೇಕು. ‘ವಿಎಂನಿಕ್0’ ಎಂಬ ಹೆಸರು ಪ್ರತಿ ಸರ್ವರಿನಲ್ಲಿಯೂ ಬರುವುದರಿಂದ, ಒಂದೇ ಹೆಸರಿನ ಹಲವು ಅರಸರಿರುವ ವಂಶಾವಳಿಯಲ್ಲಿ ಹೇಗೋ ಹಾಗೆ, ಹೆಸರೊಂದನ್ನೇ ನಾವು ಪ್ರಮಾಣವಾಗಿ ಎಣಿಸಲಾರೆವು. 48 ಬಿಟ್‌ಗಳ ಮ್ಯಾಕ್ ವಿಳಾಸವು ಅಡಾಪ್ಟರನ್ನು ಗುರುತಿಸುವುದು. ಡ್ರೈವರಿನ ಹೆಸರು ಅದರ ಭವಿಷ್ಯವನ್ನು ತಿಳಿಸುವುದು.